ಉಲ್ಟಾ ಕೂತಿದ್ದ ಆಯಿಲ್ ಸೀಲು

ಜೀಪು ತಲಘಟ್ಟಪುರದ ನನ್ನ ಶೆಡ್ಡಿಗೆ ಬಂದ ದಿನ, ಅದು ಮುಖ್ಯರಸ್ತೆ ಬಿಟ್ಟು ನಮ್ಮ ಮಣ್ಣುರಸ್ತೆಗೆ ತಿರುಗುವ ಮೊದಲೇ ಸದ್ದು ಕೇಳಿಸಿತು. ಗಾಡಿಯ ಹೊಟ್ಟೆಯೊಳಗಿನಿಂದ ಎದ್ದು ಬರುವ ಒಂದೇ ಸಮನಾದ ಗೋಳು. ವೇಗ ಹೆಚ್ಚಿದರೆ ಸಣ್ಣಗೆ ಮೇಲೇರುತ್ತಿತ್ತು, ಆಕ್ಸಿಲರೇಟರ್ ಬಿಟ್ಟರೆ ಗರಗರ ಎನ್ನುತ್ತಿತ್ತು. ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳನ್ನೇ ಬಿಚ್ಚಿ ಜೋಡಿಸುತ್ತ ಬಂದವನಿಗೆ ಆ ಸದ್ದು ಎಲ್ಲಿಯದೆಂದು ಅರ್ಧ ಗೊತ್ತಾಗಿಬಿಡುತ್ತದೆ. ಉಳಿದರ್ಧ ಗೊತ್ತಾಗುವುದಕ್ಕೇ ಕಷ್ಟ.

ಓಡಿಸುತ್ತಿದ್ದವರು ಐವತ್ತು ದಾಟಿದ ಡ್ರೈವರ್. ಪಕ್ಕದಲ್ಲಿ ಉತ್ತರಹಳ್ಳಿಯ ಯಜಮಾನರು. ಹೊಲವಿದ್ದ ಜಾಗದಲ್ಲೆಲ್ಲ ಈಗ ಅವರ ಬಾಡಿಗೆ ಕಟ್ಟಡಗಳಿವೆ. ಹೊಲದ ಕಾಲದಿಂದ ಉಳಿಸಿಕೊಂಡಿದ್ದು ಈ ಜೀಪೊಂದನ್ನೇ. ಇಳಿದವರೇ ಯಜಮಾನರು ನನ್ನೊಡನೆ ಆಡಿದ ಮೊದಲ ಮಾತು ಗಾಡಿಯ ಸದ್ದಿನ ಬಗ್ಗೆ ಆಗಿರಲಿಲ್ಲ, ಡ್ರೈವರ್ ಬಗ್ಗೆ ಆಗಿತ್ತು.

“ಇವನು ಕೊಂದ್ಹಾಕಿದಾನೆ ನನ್ನ ಗಾಡೀನ. ಏನ್ ಮಾಡಿದಾನೆ ಅಂತ ಬಿಚ್ಚಿ ನೋಡಿ. ನೋಡಿ ಇವನ ಮುಂದೇನೇ ಹೇಳಿ.”

ಡ್ರೈವರ್ ಹೋಗಿ ಬಾನೆಟ್ ಎತ್ತಿ ನಿಂತರು. ಸದ್ದು ಅಲ್ಲಿಂದ ಬರುತ್ತಿಲ್ಲವೆಂದು ಅವರಿಗೂ ಗೊತ್ತಿತ್ತು. ಕೈಗೆ ಏನಾದರೊಂದು ಕೆಲಸ ಬೇಕಿತ್ತು, ಅಷ್ಟೇ.

“ಸ್ವಲ್ಪ ಓಡಿಸಿ ನೋಡಬೇಕಾಗ್ತದ್ರಿ,” ಎಂದೆ.

“ಯಾವ ಕಡೆಯೋರು ನೀವು?”

“ಗದಗ ರಿ. ಮನೆ ಈಗ ಬಿಟಿಎಂನಾಗ.”

“ರೊಟ್ಟಿ ತಿನ್ನೋ ಜನ. ಕೈಲಿ ಶಕ್ತಿ ಇರುತ್ತೆ. ತಲೇಲಿ ಏನಿದೆ ನೋಡೋಣ,” ಎಂದು ನಕ್ಕು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನೆರಳಿಗೆ ಹೋದರು.

ನಾನೂ ಡ್ರೈವರ್ ಅಣ್ಣನೂ ಕನಕಪುರ ರಸ್ತೆಗೆ ಹೋದೆವು. ನಾನು ಓಡಿಸಿದೆ. ನಾಲ್ಕನೇ ಗೇರಿನಲ್ಲಿ ಎಂಜಿನ್ನಿನ ಶಕ್ತಿ ಗೇರ್ ಬಾಕ್ಸಿನೊಳಗೆ ಸುತ್ತು ಹಾಕದೆ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಸದ್ದು ಗೇರ್ ಬಾಕ್ಸಿನದಾಗಿದ್ದರೆ ಆಗ ಇಳಿಯಬೇಕು. ಇಳಿಯಲಿಲ್ಲ. ಮರದ ನೆರಳಿನಲ್ಲಿ ನಿಲ್ಲಿಸಿ ಇನ್ನೊಂದು ಪರೀಕ್ಷೆ ಮಾಡಿದೆ. ಗೇರ್ ಬಾಕ್ಸಿನ ಹಿಂದೆ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯೇ ಶಕ್ತಿಯನ್ನು ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ಹಂಚುವುದು. ಅದರ ಲಿವರನ್ನು ನ್ಯೂಟ್ರಲ್‌ಗೆ ಹಾಕಿ, ಗೇರ್ ಬಾಕ್ಸನ್ನು ಗೇರಿನಲ್ಲಿಟ್ಟು ಕ್ಲಚ್ ಬಿಟ್ಟರೆ ಚಕ್ರಗಳು ತಿರುಗುವುದಿಲ್ಲ, ಆದರೆ ಪೆಟ್ಟಿಗೆಯೊಳಗಿನ ಮೊದಲ ಗೇರುಗಳು ತಿರುಗುತ್ತವೆ. ಗಾಡಿ ನಿಂತಲ್ಲೇ ನಿಂತು ಗೋಳಿಟ್ಟಿತು. ಕೆಳಗೆ ತೂರಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಒತ್ತಿ, ಹಿಡಿಕೆಗೆ ಕಿವಿ ಕೊಟ್ಟೆ. ತಲೆಯೊಳಗೇ ಯಾರೋ ಅರೆಯುತ್ತಿರುವಂತೆ ಕೇಳಿಸಿತು.

ಹಿಂತಿರುಗುವಾಗ ಡ್ರೈವರ್ ಅಣ್ಣ ತಾವಾಗಿಯೇ ಮಾತಾಡಿದರು. ಮದುವೆಯಾದ ಹೊಸದರಲ್ಲಿ ಆ ಮನೆಗೆ ಬಂದವರು. ಯಜಮಾನರ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ವಾಸ. ಹೆಂಡತಿಗೆ ಅದೇ ಮನೆಯಲ್ಲಿ ಅಡುಗೆ ಕೆಲಸ.

“ಬೈತಾರೆ ಸಾರ್. ಅದೆಲ್ಲ ಬಾಯಲ್ಲಿ. ದಿನಾ ಬೈದ್ರೆ ದಿನಾ ಇಟ್ಕೊಂಡಿರ್ತಾರೆ ಅಂತ ಅರ್ಥ,” ಎಂದರು.

ಆಗ ಅದು ನನಗೆ ತಮಾಷೆಯ ಮಾತಾಗಿ ಕೇಳಿತು.

ಶೆಡ್ಡಿನ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಟ್ರಾನ್ಸ್‌ಫರ್ ಕೇಸಿನ ಎಣ್ಣೆಯ ಮಟ್ಟ ನೋಡುವ ಲೆವೆಲ್ ಬೋಲ್ಟ್ ಬಿಚ್ಚಿ ಬೆರಳು ಹಾಕಿದೆ. ಎಣ್ಣೆ ಬೆರಳಿಗೆ ಸಿಗಲಿಲ್ಲ. ಕೆಳಗಿನ ಡ್ರೈನ್ ಬೋಲ್ಟ್ ತೆಗೆದಾಗ ಒಂದಿಷ್ಟು ಕಪ್ಪು ಎಣ್ಣೆ ಬಂತು, ಅದರ ಮೇಲೆ ಬೆಳ್ಳಿಯ ಪುಡಿಯಂತೆ ಲೋಹ ತೇಲುತ್ತಿತ್ತು. ಹಿಂಭಾಗದಲ್ಲಿ ಹ್ಯಾಂಡ್‌ಬ್ರೇಕ್ ಡ್ರಮ್ಮಿನ ಒಳಗೆ, ಎಣ್ಣೆ ಹೊರಬರದಂತೆ ತಡೆಯುವ ರಬ್ಬರಿನ ಆಯಿಲ್ ಸೀಲು ಒದ್ದೆಯಾಗಿತ್ತು. ಎಣ್ಣೆ ಅಲ್ಲಿಂದಲೇ ಸೋರಿದೆ ಎಂದುಕೊಂಡೆ. ಕಣ್ಣಿಗೆ ಒಂದು ಕಾರಣ ಕಂಡಾಗ ಕೈ ಅಲ್ಲಿಗೇ ನಿಲ್ಲುತ್ತದೆ.

“ಎಣ್ಣೆ ನೋಡೋದು ಯಾರ ಕೆಲಸ?” ಕುರ್ಚಿಯಿಂದಲೇ ಯಜಮಾನರು ಕೇಳಿದರು.

“ನಂದೇ ಯಜಮಾನ್ರೇ,” ಎಂದರು ಡ್ರೈವರ್.

“ಜೋರಾಗಿ.”

“ನಂದೇ ಕೆಲಸ ಯಜಮಾನ್ರೇ.”

ಪಕ್ಕದ ಟೈರ್ ಅಂಗಡಿಯವನು ಇತ್ತ ತಿರುಗಿ ನೋಡಿದ. ಹಿಂದಿನ ಸೀಲು ಬದಲಿಸಿ, ಹೊಸ ಎಣ್ಣೆ ತುಂಬಿದೆ. ಸದ್ದು ಬಹುಪಾಲು ಇಳಿಯಿತು. ಒಳಗೆ ಸ್ವಲ್ಪ ಸವೆತವಿದೆ, ಹೀಗೇ ಓಡಿಸಿ ನೋಡಿ, ಹೆಚ್ಚಾದರೆ ಬಿಚ್ಚೋಣ ಎಂದು ಹೇಳಿ ಕಳಿಸಿದೆ.

ಕೆಲವೇ ದಿನಗಳಲ್ಲಿ ಜೀಪು ಮೊದಲಿಗಿಂತ ಜೋರಾಗಿ ಅರಚುತ್ತ ವಾಪಸು ಬಂತು. ಈ ಸಲ ಯಜಮಾನರೇ ಓಡಿಸಿಕೊಂಡು ಬಂದಿದ್ದರು. ಪಕ್ಕದ ಸೀಟು ಖಾಲಿಯಿತ್ತು.

“ಡ್ರೈವರ್ ಬರ್ಲಿಲ್ಲೇನ್ರಿ?”

“ಬರ್ತಾ ಇದಾನೆ. ಸದ್ದು ಹಿಡ್ಕೊಂಡು ಹಿಂದೆ ನಡ್ಕೊಂಡು ಬಾ ಅಂದೆ. ಕೇಳಿಸ್ಲಿ ಅವನಿಗೂ.”

ಉತ್ತರಹಳ್ಳಿಯಿಂದ ನಮ್ಮ ಶೆಡ್ಡು ನಡೆಯುವ ದೂರವಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಆ ಮನುಷ್ಯ ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಅದನ್ನು ಕೈಯಲ್ಲಿ ಹಿಡಿದಿದ್ದರು. ನಾನು ನೀರಿನ ಬಾಟಲಿ ಚಾಚಿದೆ.

“ಕುಡೀತಾನೆ ಬಿಡಿ ಆಮೇಲೆ. ಮೊದಲು ಗಾಡಿ ನೋಡಿ,” ಎಂದರು ಯಜಮಾನರು. ಡ್ರೈವರ್ ಅಣ್ಣ ಬಾಟಲಿಯನ್ನು ತೆಗೆದುಕೊಂಡು, ತೆರೆಯದೆ, ಕಂಬದ ಪಕ್ಕ ಇಟ್ಟರು.

ಟ್ರಾನ್ಸ್‌ಫರ್ ಕೇಸಿನಲ್ಲಿ ಎಣ್ಣೆ ಮತ್ತೆ ಅರ್ಧಕ್ಕೆ ಇಳಿದಿತ್ತು. ಆದರೆ ನಾನು ಹಾಕಿದ್ದ ಹಿಂದಿನ ಸೀಲು ಒಣಗಿತ್ತು, ಅಡಿಯಲ್ಲಿ ಎಲ್ಲೂ ಒಂದು ಹನಿಯಿಲ್ಲ. ಎಣ್ಣೆ ಹೊರಗೆ ಬಿದ್ದಿಲ್ಲವೆಂದರೆ ಒಳಗೇ ಎಲ್ಲೋ ಹೋಗಿದೆ. ಆಗ ಹೊಳೆಯಿತು. ಗೇರ್ ಬಾಕ್ಸಿನ ಲೆವೆಲ್ ಬೋಲ್ಟ್ ಸಡಿಲಿಸಿದೆ. ಬೋಲ್ಟ್ ಪೂರ್ತಿ ಬರುವ ಮೊದಲೇ ಎಣ್ಣೆ ನುಗ್ಗಿ ನನ್ನ ಮೊಣಕೈವರೆಗೆ ಇಳಿಯಿತು. ಟ್ರಾನ್ಸ್‌ಫರ್ ಕೇಸಿನ ಎಣ್ಣೆಯೆಲ್ಲ ಮುಂದಿನ ಗೇರ್ ಬಾಕ್ಸಿಗೆ ಸೇರುತ್ತಿತ್ತು. ಎರಡರ ನಡುವೆ, ಶಾಫ್ಟಿನ ಸುತ್ತ, ಒಂದು ಸೀಲು ಇರುತ್ತದೆ. ಅದು ಎಣ್ಣೆಯನ್ನು ತಡೆಯುತ್ತಿಲ್ಲ. ಅದನ್ನು ನೋಡಬೇಕಾದರೆ ಪೆಟ್ಟಿಗೆಯನ್ನೇ ಇಳಿಸಬೇಕು.

“ಇಲ್ಲೇ ಬಿಟ್ಟು ಹೋಗ್ರಿ,” ಎಂದೆ.

“ಇವನನ್ನೂ ಬಿಟ್ಟು ಹೋಗ್ತೀನಿ. ದಿನಾ ಬಂದು ನಿಂತು ನೋಡ್ಲಿ,” ಎಂದು ಯಜಮಾನರು ಆಟೋ ಹಿಡಿದರು.

ಅವರು ಹೋದಮೇಲೆ ಡ್ರೈವರ್ ಅಣ್ಣ ನೀರು ಕುಡಿದು ನನ್ನೊಂದಿಗೆ ಗುಂಡಿಗೆ ಇಳಿದರು. ಬೇಡವೆಂದರೂ ಕೇಳಲಿಲ್ಲ. ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟುಗಳನ್ನು ಬಿಚ್ಚಿ ಬದಿಗಿಟ್ಟೆವು. ಹ್ಯಾಂಡ್‌ಬ್ರೇಕ್ ಕೇಬಲ್, ಲಿವರುಗಳ ಪಿನ್ನು, ಅಡಿಯ ಕಬ್ಬಿಣದ ತಟ್ಟೆ, ಎಲ್ಲ ಒಂದೊಂದಾಗಿ ಬಂದವು. ತಟ್ಟೆಯ ಒಂದು ಬೋಲ್ಟ್ ತುಕ್ಕು ಹಿಡಿದು ತಲೆ ಮುರಿಯಿತು, ಅದನ್ನು ಕೊರೆದು ತೆಗೆಯುವುದರಲ್ಲಿ ಮಧ್ಯಾಹ್ನ ಕಳೆಯಿತು. ಮಾರನೆಯ ದಿನ ಜಾಕಿನ ಮೇಲೆ ಪೆಟ್ಟಿಗೆಯನ್ನು ಕೂರಿಸಿ, ಅಲುಗಿಸುತ್ತ ಹಿಂದಕ್ಕೆ ಎಳೆದೆವು. ಮಂಡಿಯೂರಿ ಅದರ ಭಾರ ಹಿಡಿದಿದ್ದ ಅಣ್ಣ ಅದನ್ನು ಜಾರಗೊಡಲಿಲ್ಲ.

ಒಳಗಿನದು ನಾನು ಊಹಿಸಿದ್ದಕ್ಕಿಂತ ಕೆಟ್ಟದಾಗಿತ್ತು. ನಡುವಿನ ಗೇರು ತಿರುಗುವ ಶಾಫ್ಟು ಎಣ್ಣೆಯಿಲ್ಲದೆ ಸುಟ್ಟು ನೀಲಿಯಾಗಿತ್ತು. ಸೂಜಿಯಂಥ ರೋಲರುಗಳು ಅದರ ಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಕೊರೆದಿದ್ದವು. ಗೇರ್ ಓಲಾಡಿ ಹಲ್ಲಿನ ಒಂದೇ ಅಂಚು ತಿಂದುಹೋಗಿತ್ತು. ಗೋಳು ಹುಟ್ಟುತ್ತಿದ್ದದ್ದು ಅಲ್ಲಿ.

ಆಮೇಲೆ ನಡುವಿನ ಸೀಲನ್ನು ನೋಡಿದೆ. ಅದರ ರಬ್ಬರ್ ತುಟಿ ಎಣ್ಣೆಯ ಕಡೆಗೆ ಮುಖ ಮಾಡಿ ಕೂರಬೇಕು, ಆಗಲೇ ಎಣ್ಣೆಯ ಒತ್ತಡಕ್ಕೆ ಅದು ಶಾಫ್ಟಿಗೆ ಅಂಟಿಕೊಂಡು ತಡೆಯುವುದು. ಇಲ್ಲಿ ಉಲ್ಟಾ ಕೂತಿತ್ತು. ಅಂಚಿನ ಸುತ್ತ ಉಳಿಯ ಏಟುಗಳು. ಪೆಟ್ಟಿಗೆಯ ಜೋಡಣೆಯಲ್ಲಿ ನೀಲಿ ಗಮ್ಮು ಬೇಕಾಬಿಟ್ಟಿ ಹರಿದಿತ್ತು. ಯಾವ ಗ್ಯಾರೇಜಿನವನೂ ಹಾಗೆ ಮಾಡುವುದಿಲ್ಲ. ಮೆಕ್ಯಾನಿಕ್ ಅಲ್ಲದ ಯಾರೋ ಇತ್ತೀಚೆಗೆ ಇದನ್ನು ಬಿಚ್ಚಿ ಜೋಡಿಸಿದ್ದರು.

“ಇಲ್ಲಿ ನೋಡ್ರಿ ಅಣ್ಣ,” ಎಂದೆ ಖುಷಿಯಿಂದ. “ನಿಮ್ಮ ತಪ್ಪಿಲ್ಲ. ನೀವು ಗಾಡಿ ಅಡಿಗೆ ಬಗ್ಗಿ ನೋಡಿದ್ರೂ ಸೋರೋದು ನಿಮಗ ಗೊತ್ತಾಗ್ತಿರಲಿಲ್ಲ. ಒಂದು ಹನೀನೂ ಹೊರಗ ಬೀಳ್ತಿರಲಿಲ್ಲ.”

ಅಣ್ಣ ಸೀಲನ್ನು ನೋಡಿದರು. ಅವರ ಮುಖದಲ್ಲಿ ನಾನು ಕಾಯುತ್ತಿದ್ದ ಸಮಾಧಾನ ಬರಲಿಲ್ಲ.

“ಹಳೇ ಗಾಡಿ, ಬೇರಿಂಗ್ ಹೋಗಿದೆ ಅಂತ ಹೇಳ್ಬಿಡಿ ಸಾರ್. ಎಣ್ಣೆ ನಾನು ನೋಡ್ಲಿಲ್ಲ ಅಂತಾನೇ ಇರ್ಲಿ.”

“ಯಾಕ್ರಿ?”

“ಬೈಸ್ಕೊಳ್ಳೋದು ನಂಗೆ ಅಭ್ಯಾಸ ಇದೆ.”

ಯಾರು ಬಿಚ್ಚಿದ್ದು ಎಂದು ನಾನು ಕೇಳಲಿಲ್ಲ. ಹೆದರಿದ್ದಾರೆ ಎಂದುಕೊಂಡೆ. ಹೆದರಿಕೆ ಹೋಗಲಾಡಿಸುವುದು ನನ್ನ ಕೈಯಲ್ಲಿದೆ ಎಂದೂ ಅಂದುಕೊಂಡೆ.

ಮರುದಿನ ಯಜಮಾನರು ಮಗನೊಂದಿಗೆ ಬಂದರು. ಮಗ ಮದುವೆಯಾದವನು, ಬಾಡಿಗೆ ವಸೂಲಿ ಅವನದೇ ಜವಾಬ್ದಾರಿ. ಶನಿವಾರ ಭಾನುವಾರ ಗೆಳೆಯರೊಂದಿಗೆ ಈ ಜೀಪನ್ನು ಗುಡ್ಡ ಹತ್ತಿಸುತ್ತಾನೆಂದು ಅಣ್ಣ ಹೇಳಿದ್ದರು. ಅವನು ಬಾಗಿಲ ಬಳಿಯೇ ನಿಂತು ಫೋನ್ ನೋಡುತ್ತಿದ್ದ. ನಾನು ಬಟ್ಟೆ ಹಾಸಿ ಅದರ ಮೇಲೆ ಶಾಫ್ಟು, ರೋಲರು, ಗೇರುಗಳನ್ನು ಇಟ್ಟಿದ್ದೆ.

“ಕೊಡಿ ಅದನ್ನ ಅವನ ಕೈಗೆ,” ಎಂದರು ಯಜಮಾನರು. ನಾನು ಕೊಡಲಿಲ್ಲ. ತಾವೇ ಸುಟ್ಟ ಶಾಫ್ಟನ್ನು ಎತ್ತಿ ಡ್ರೈವರ್ ಅಣ್ಣನ ಅಂಗೈಯಲ್ಲಿಟ್ಟರು. “ಏನದು?”

“ಶಾಫ್ಟು ಯಜಮಾನ್ರೇ.”

“ಯಾರು ಹಾಳ್ಮಾಡಿದ್ದು?”

“ನಾನೇ.”

“ನಾನು ಎತ್ತಿನ ಗಾಡಿ ಹೊಡೆಯೋಕೂ ಲಾಯಕ್ಕಿಲ್ಲ ಅಂತ ಹೇಳು.”

ಅಣ್ಣ ಹೇಳಿದರು. ತಡವರಿಸದೆ, ಅಂಗಡಿಯಲ್ಲಿ ಸಾಮಾನಿನ ಹೆಸರು ಹೇಳುವವರಂತೆ ಹೇಳಿದರು. ಮಗ ಫೋನಿನಿಂದ ತಲೆಯೆತ್ತದೆ ಸಣ್ಣಗೆ ನಕ್ಕ. ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ.

“ಅವರದೇನೂ ತಪ್ಪಿಲ್ರಿ,” ಎಂದೆ. ಸೀಲನ್ನು ಬೆಳಕಿಗೆ ಹಿಡಿದು ತೋರಿಸಿದೆ. ತುಟಿ ಯಾವ ಕಡೆ ಇರಬೇಕು, ಎಣ್ಣೆ ಎಲ್ಲಿಗೆ ಹೋಯಿತು, ಎಲ್ಲ ವಿವರಿಸಿದೆ. “ಯಾರೋ ಕೆಲಸ ಗೊತ್ತಿಲ್ಲದವರು ಇದನ್ನ ಬಿಚ್ಚಿ ಜೋಡ್ಸ್ಯಾರ್ರಿ. ಗ್ಯಾರೇಜಿನಾಗ ಅಲ್ಲ, ಮನ್ಯಾಗ ಬಿಚ್ಚಿರಬೇಕು. ಸೀಲ್ ಉಲ್ಟಾ ಬಡ್ದಾರ. ಡ್ರೈವರ್‌ಗೆ ಇದು ಗೊತ್ತಾಗೋದು ಸಾಧ್ಯಾನೇ ಇಲ್ಲ.”

ಮಗನ ಬೆರಳು ಫೋನಿನ ಮೇಲೆ ನಿಂತಿತು. ಯಜಮಾನರು ಮಗನ ಕಡೆ ನೋಡಲಿಲ್ಲ. ಸೀಲನ್ನೂ ನೋಡಲಿಲ್ಲ. ಡ್ರೈವರ್ ಅಣ್ಣನನ್ನೇ ನೋಡಿದರು. ದನಿ ಏರಲಿಲ್ಲ. ಆವರೆಗೆ ಅವರ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿರಲಿಲ್ಲ.

“ನೀನು ಹೇಳ್ದಾ ಇವರಿಗೆ?”

“ಇಲ್ಲ ಯಜಮಾನ್ರೇ.”

“ಮನೇಲಿ ಬಿಚ್ಚಿದ್ದು ಇವರಿಗೆ ಹೇಗೆ ಗೊತ್ತು?”

“ನನಗ ಅವರು ಏನೂ ಹೇಳಿಲ್ರಿ,” ಎಂದು ನಾನು ನಡುವೆ ಬಂದೆ. “ಗಮ್ಮು ನೋಡಿದ್ರ ಗೊತ್ತಾಗ್ತದ, ಉಳಿ ಏಟು…”

“ನಿಮ್ಮನ್ನ ಕೇಳ್ಲಿಲ್ಲ.” ಮತ್ತೆ ಅಣ್ಣನ ಕಡೆ ತಿರುಗಿದರು. “ಮನೆ ಮಾತು ಗ್ಯಾರೇಜಲ್ಲಿ ಆಡ್ದೆ. ನನ್ನ ಮಗನ್ನ ಇವರ ಬಾಯಿಂದ ಅನ್ನಿಸ್ದೆ.”

ಅಣ್ಣ ಇನ್ನೂ ಆ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಯಜಮಾನರು ಮನೆಗೆ ಹೋಗು ಎಂದೂ ಹೇಳಲಿಲ್ಲ, ಇಲ್ಲೇ ಇರು ಎಂದೂ ಹೇಳಲಿಲ್ಲ. ಮಗನೊಂದಿಗೆ ಕಾರು ಹತ್ತಿ ಹೊರಟುಹೋದರು. ಅಣ್ಣ ಶಾಫ್ಟನ್ನು ಬಟ್ಟೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟರು.

“ಎಣ್ಣೆ ನೋಡ್ದೇ ಇದ್ದಿದ್ದಕ್ಕೆ ಬೈದು ಸುಮ್ನಾಗ್ತಿದ್ರು ಸಾರ್,” ಎಂದರು. ಮರುದಿನದಿಂದ ಬರಲಿಲ್ಲ.

ನನ್ನ ಮುಂದೆ ಬಿಚ್ಚಿದ ಗಾಡಿಯಿತ್ತು. ಕೆಲಸ ನಿಲ್ಲಿಸುವಂತಿರಲಿಲ್ಲ. ಹೊಸ ಶಾಫ್ಟು, ರೋಲರು, ಗೇರು ತರಿಸಿದೆ. ಗೇರ್ ಬಾಕ್ಸಿನಿಂದ ಬರುವ ಶಾಫ್ಟಿನ ಮೇಲೂ ಉಳಿ ಜಾರಿ ಗೀರು ಬಿದ್ದಿತ್ತು. ಅದರ ಮೇಲೆ ಹೊಸ ಸೀಲು ಹಾಕಿದರೂ ತುಟಿ ಹರಿದುಹೋಗುತ್ತದೆ. ಬನಶಂಕರಿಯಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನಿಂದ ಆ ಜಾಗಕ್ಕೆ ತೆಳ್ಳನೆಯ ಉಕ್ಕಿನ ಬಳೆ ಮಾಡಿಸಿ ಕೂರಿಸಿದೆ. ಮೊದಲನೆಯದು ಬಿಗಿಯಾಗಿ ಅರ್ಧದಲ್ಲೇ ಸಿಕ್ಕಿಕೊಂಡು ಸೀಳಿತು. ಎರಡನೆಯದನ್ನು ಎಣ್ಣೆಯಲ್ಲಿ ಕಾಯಿಸಿ ಜಾರಿಸಿದಾಗ ಸರಿಯಾಗಿ ಕೂತಿತು. ಸೀಲನ್ನು ಒತ್ತುವ ಮೊದಲು ತುಟಿಯ ದಿಕ್ಕನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಶಾಫ್ಟಿನ ಆಟ, ಅಂದರೆ ಅದು ಅಲುಗುವ ಸಂದು, ಹೆಚ್ಚೂ ಆಗದಂತೆ ಕಮ್ಮಿಯೂ ಆಗದಂತೆ ತೆಳು ತಗಡುಗಳನ್ನು ಸೇರಿಸಿ, ತೆಗೆದು, ಮತ್ತೆ ಸೇರಿಸಿದೆ. ಒಬ್ಬನೇ ಪೆಟ್ಟಿಗೆ ಎತ್ತಿ ಕೂರಿಸುವಾಗ ಬೆರಳು ನಡುವೆ ಸಿಕ್ಕಿ ಉಗುರು ಕಪ್ಪಾಯಿತು. ಕನಕಪುರ ರಸ್ತೆಯಲ್ಲಿ ಓಡಿಸಿದಾಗ ಟೈರು ಉರುಳುವ ಸದ್ದಷ್ಟೇ ಕೇಳಿಸಿತು. ಅಂಥ ಕೆಲಸ ಮುಗಿದಾಗ ಆಗುವ ಹಗುರ ಆ ದಿನ ಆಗಲಿಲ್ಲ.

ಗಾಡಿ ಒಯ್ಯಲು ಅಪ್ಪ ಮಗ ಇಬ್ಬರೂ ಬಂದರು. ಮಗ ಒಂದು ಸುತ್ತು ಹೊಡೆದು ಬಂದು, “ಸಖತ್ತಾಗಿದೆ, ಸೌಂಡೇ ಇಲ್ಲ,” ಎಂದ.

“ಡ್ರೈವರ್ ಅಣ್ಣ ಹೆಂಗದಾರ್ರಿ?” ಎಂದು ಅವನನ್ನೇ ಕೇಳಿದೆ.

“ಯಾವ ಅಣ್ಣ? ಓ. ಔಟ್‌ಹೌಸ್ ಖಾಲಿ ಮಾಡಿಸ್ಬಿಟ್ವಿ. ಪೇಂಟ್ ಹೊಡಿಸ್ತಾ ಇದೀವಿ. ಬಾಡಿಗೆಗೆ ಯಾರಾದ್ರೂ ಇದ್ರೆ ಹೇಳಿ, ಇಬ್ಬರಿಗೆ ಆರಾಮಾಗಿ ಸಾಕಾಗುತ್ತೆ.”

ಹೊಸ ಗೇರು ಕೂರಿಸಿದ ಪೆಟ್ಟಿಗೆಯ ಎಣ್ಣೆಯನ್ನು ಸ್ವಲ್ಪ ಓಡಿದ ಮೇಲೆ ಒಮ್ಮೆ ಬದಲಿಸಬೇಕು. ಅದಕ್ಕಾಗಿ ಜೀಪು ಮತ್ತೆ ಬಂತು. ಯಜಮಾನರೇ ಓಡಿಸುತ್ತಿದ್ದರು. ಹಿಂದಿನ ಸೀಟಿನಿಂದ ಡ್ರೈವರ್ ಅಣ್ಣ ಇಳಿದಾಗ ನನಗೆ ಜೀವ ಬಂದಂತಾಯಿತು. ಬಹಳ ಸೊರಗಿಹೋಗಿದ್ದರು. ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

ಎಣ್ಣೆ ಬದಲಿಸುವವರೆಗೂ ಯಜಮಾನರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಕೈ ಒರೆಸಿಕೊಂಡು ಬಂದ ಮೇಲೆ ಮಾತು ತೆಗೆದರು.

“ಇವನು ದಿನಾ ಬಂದು ನಮ್ಮ ಗೇಟಲ್ಲಿ ನಿಲ್ತಾನೆ. ಇವನ ಹೆಂಡ್ತೀನೂ ಬರ್ತಾಳೆ. ನೋಡೋಕಾಗಲ್ಲ. ಒಂದು ಮಾತು ಇತ್ಯರ್ಥ ಆಗ್ಬೇಕು ಅಂತ ಕರ್ಕೊಂಡು ಬಂದಿದೀನಿ. ಹೇಳೋ.”

ಅಣ್ಣ ನನ್ನ ಮುಂದೆ ಬಂದು ನಿಂತರು. “ನಾನೇ ನಿಮಗೆ ಹೇಳ್ಕೊಟ್ಟೆ ಅಲ್ವಾ ಸಾರ್. ಚಿಕ್ಕ ಯಜಮಾನ್ರ ಮೇಲೆ ಹಾಕಿ ಅಂತ.”

“ಹೌದಾ?” ಯಜಮಾನರು ನನ್ನನ್ನು ಕೇಳಿದರು. “ಅವನು ಒಪ್ಕೊಂಡಿದಾನೆ. ನೀವೂ ಒಪ್ಕೊಂಡ್ರೆ ಅಲ್ಲಿಗೆ ಮುಗೀತು.”

ಆ ಸೀಲನ್ನು ನಾನು ನನ್ನ ಕೈಯಿಂದ ಕಿತ್ತಿದ್ದೆ. ಲೋಹ ಮತ್ತು ರಬ್ಬರಿನ ವಿಷಯದಲ್ಲಿ ಗಿರಾಕಿಗೆ ಸುಳ್ಳು ಹೇಳಬಾರದೆಂಬ ಒಂದು ಹಟವನ್ನು ಇಷ್ಟು ವರ್ಷ ಇಟ್ಟುಕೊಂಡು ಬಂದಿದ್ದೆ. ಅಣ್ಣ ನನ್ನನ್ನು ನೋಡುತ್ತಿದ್ದರು. ಅವರ ನೋಟದಲ್ಲಿ ಬೇಡಿಕೆಯೂ ಇತ್ತು, ಈ ಸಲವಾದರೂ ಹೇಳಿದ್ದು ಕೇಳು ಎಂಬ ಸಿಟ್ಟೂ ಇತ್ತು. ಹಿಂದೊಮ್ಮೆ ಅವರು ಹೇಳಿದ್ದನ್ನು ನಾನು ಕೇಳದ್ದರಿಂದ ಅವರ ಮನೆ ಹೋಗಿತ್ತು. ಈಗ ನನ್ನ ಹಟ ದೊಡ್ಡದೆನಿಸಲಿಲ್ಲ.

“ಹೌದ್ರಿ. ಅವರೇ ಹೇಳಿದ್ದು,” ಎಂದೆ.

“ಅಂದ್ರೆ ಸೀಲ್ ಉಲ್ಟಾ ಇರ್ಲಿಲ್ಲ.”

“ಇರ್ಲಿಲ್ರಿ.”

“ಸರಿ.” ಯಜಮಾನರು ಎದ್ದು ಪಂಚೆ ಕೊಡವಿದರು. ಅಣ್ಣ ಬೇಗ ಬೇಗ ಹೋಗಿ ಡ್ರೈವರ್ ಕಡೆಯ ಬಾಗಿಲ ಹಿಡಿಕೆಗೆ ಕೈ ಹಾಕಿದರು.

“ಬಿಡು ಅದನ್ನ.”

ಕೈ ಹಿಡಿಕೆಯ ಮೇಲೆಯೇ ಇತ್ತು.

“ನಾನೇ ದುಡುಕಿದ್ನೇನೋ ಅಂತ ಒಂದು ಅನುಮಾನ ಇತ್ತು ನಂಗೆ. ಮನೇಲಿ ಹೆಂಗಸರೂ ಹಾಗೇ ಅಂತಿದ್ರು. ಈಗ ನಿನ್ನ ಬಾಯಿಂದ್ಲೇ ಬಂತು, ಇವರ ಬಾಯಿಂದ್ಲೂ ಬಂತು. ನನ್ನ ಮಗನ ಮೇಲೆ ಸುಳ್ಳು ಹಾಕಿದೋನು ನೀನು. ಇನ್ನು ಗೇಟ್ ಹತ್ರ ಬರ್ಬೇಡ.”

“ನೀವು ವಾಪಸ್ ತಗೋತೀನಿ ಅಂತ…” ಎಂದು ನಾನು ಶುರುಮಾಡಿದೆ.

“ಮುಗಿಯುತ್ತೆ ಅಂದೆ. ಮುಗೀತು.”

ಅಣ್ಣನ ಕೈಯನ್ನು ತಾವೇ ಹಿಡಿಕೆಯಿಂದ ತೆಗೆದು, ಒಳಗೆ ಕೂತು, ಜೀಪನ್ನು ಹಿಂದಕ್ಕೆ ತೆಗೆದುಕೊಂಡು ಹೊರಟುಹೋದರು.

ನಾವಿಬ್ಬರೂ ಶೆಡ್ಡಿನ ಮುಂದೆ ನಿಂತಿದ್ದೆವು. “ಇಲ್ಲೇ ಇರ್ರಿ ಅಣ್ಣ. ಗಾಡಿ ಓಡಿಸಿ ನೋಡಾಕ, ತರಾಕ, ಬಿಡಾಕ ನನಗೂ ಒಬ್ಬರು ಬೇಕು,” ಎಂದೆ.

“ಬೇಡ ಸಾರ್,” ಎಂದರು. ಸಿಟ್ಟಿರಲಿಲ್ಲ. “ನಿಮ್ಮ ಹತ್ರ ಬೇಡ. ಎರಡು ಸಲ ಆಯ್ತಲ್ಲ.”

ಅಂಗಿಯ ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡರು. ಮುಖ್ಯರಸ್ತೆಯವರೆಗೆ ಹೋಗಿ ನಿಂತು, ಎಡಕ್ಕೂ ಬಲಕ್ಕೂ ನೋಡಿ, ಮತ್ತೆ ನನ್ನ ಕಡೆಗೆ ಬಂದರು. ಆ ರಸ್ತೆಯಲ್ಲಿ ಅವರು ಅದೆಷ್ಟು ವರ್ಷ ಜೀಪು ಓಡಿಸಿದ್ದರೋ.

“ಬನಶಂಕರಿಗೆ ಬಸ್ಸು ಎಲ್ಲಿ ನಿಲ್ಲುತ್ತೆ ಸಾರ್ ಇಲ್ಲಿ?” ಎಂದು ಕೇಳಿದರು.